ಆ ‘ಅಲ್ಲ’ದ ಮುಂದೆ ನನ್ನ ಹೆಸರು ಬರೆಯಿರಿ

ನಾಪತ್ತೆಯಾದವರನ್ನು ಹುಡುಕುವ ವಿಭಾಗದ ಮಾನ್ಯ ಅಧಿಕಾರಿಗಳೇ,

ಹೊಳೆಪ್ಪನ ಸಾವಿನ ಬಗ್ಗೆ ನಿಮ್ಮ ಕಚೇರಿ ಕೊಟ್ಟ ವರದಿಯಲ್ಲಿ ‘ಇದು ಗುಂಪಿನ ನಿರ್ಧಾರ, ಯಾರೊಬ್ಬರೂ ಹೊಣೆಯಲ್ಲ’ ಎಂದಿದೆ. ಎಂಥ ಉದಾರ ಮನಸ್ಸು! ಆ ಗುಂಪಿನಲ್ಲಿ ನಾನೂ ಇದ್ದೆ. ನಿಮ್ಮ ಉದಾರತೆ ನನಗೆ ಬೇಡ.

ನಾನು ಮುಧೋಳ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಹೊಳೆಪ್ಪ ಅಲ್ಲೇ ಶೇಂಗಾ ಮಾರುತ್ತಿದ್ದ. ವಯಸ್ಸಾದ ಮೇಲೆ ಮರೆವು ಹತ್ತಿ, ಈ ಬೇಸಿಗೆಯಲ್ಲಿ ಒಂದು ಮುಂಜಾನೆ ಮನೆ ಬಿಟ್ಟವನು ಮರಳಲಿಲ್ಲ. ಹೆಂಡತಿ ಸಾತವ್ವ ದೂರು ಕೊಟ್ಟಳು. ಹೊಸ ಯಂತ್ರವನ್ನು ಪರೀಕ್ಷಿಸಲು ನಿಮಗೂ ಒಂದು ನೆಪ ಬೇಕಿತ್ತು. ಅವನನ್ನು ಬಲ್ಲ ಐವರನ್ನು ಕರೆಸಿ, ತಲೆಗೆ ತಂತಿಯ ಟೊಪ್ಪಿಗೆ ತೊಡಿಸಿ, ಸುತ್ತಲಿನ ಬಸ್ ನಿಲ್ದಾಣಗಳ ಕ್ಯಾಮೆರಾ ದೃಶ್ಯ ತೋರಿಸಿದಿರಿ. ‘ಹೌದು’ ಇಲ್ಲವೇ ‘ಅಲ್ಲ’ ಒತ್ತಬೇಕು, ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ಯಾರು ಎಷ್ಟು ಖಾತ್ರಿಯಿಂದ ಒತ್ತಿದರೆಂದು ಯಂತ್ರ ಮಿದುಳಿನ ಸಂಕೇತದಿಂದ ಅಳೆದು, ಖಾತ್ರಿ ಇದ್ದವರಿಗೆ ಹೆಚ್ಚು ತೂಕ ಕೊಡುತ್ತದಂತೆ. ಖಾತ್ರಿಯೇ ಸತ್ಯವೆಂದು ನಿಮಗೆ ಯಾರು ಹೇಳಿದರು? ಮೊಂಡುತನದ ಸಂಕೇತವೂ ಅಷ್ಟೇ ಗಟ್ಟಿಯಾಗಿರುವುದಿಲ್ಲವೇ?

ಜಮಖಂಡಿ ನಿಲ್ದಾಣದ ದೃಶ್ಯದಲ್ಲಿ ಬೋಳುತಲೆಯ ಮುದುಕನೊಬ್ಬ ಬೆನ್ನು ಮಾಡಿ ನಡೆದಿದ್ದ. ಹೊಳೆಪ್ಪನನ್ನು ರುಮಾಲಿಲ್ಲದೆ ನಾನು ಕಂಡೇ ಇರಲಿಲ್ಲ. ನೋಡಿದ ಕೂಡಲೇ ‘ಅಲ್ಲ’ ಒತ್ತಿದೆ. ಮೂವರು ಅನುಮಾನಿಸುತ್ತಲೇ ‘ಹೌದು’ ಒತ್ತಿದ್ದರಂತೆ. ಯಂತ್ರ ಅವರನ್ನು ಬದಿಗಿಟ್ಟು, ಖಾತ್ರಿಯಿಂದ ಒತ್ತಿದ ನನ್ನ ಮತ್ತು ಇನ್ನೊಬ್ಬರ ‘ಅಲ್ಲ’ವನ್ನು ಎತ್ತಿಹಿಡಿಯಿತು. “ಸರ್, ನಿಮ್ಮ ಸಿಗ್ನಲ್ ಭಾಳ ಛಲೋ ಬಂತ್ರಿ” ಎಂದರು ನಿಮ್ಮವರು. ನಾನು ಉಬ್ಬಿಹೋದೆ.

ಹೊರಗೆ ಬಂದಾಗ ಹೊಳೆಪ್ಪನ ಓಣಿಯ ರೇಷ್ಮಾ, ‘ಹೌದು’ ಎಂದವರಲ್ಲಿ ಒಬ್ಬಳು, ನನ್ನನ್ನು ತಡೆದಳು.

“ಕಾಕಾ, ಆ ಜಮಖಂಡ್ಯಾಗಿನ ಮನಷ್ಯಾ ಎಡಗಾಲ ಎಳದ ಹಾಕಾಕತ್ತಿದ್ದ, ನೋಡಿದ್ರೇನ್ರಿ? ಹೊಳೆಪ್ಪಜ್ಜ ಹಂಗ ನಡೀತಾನ್ರಿ.”

ಆ ಕಾಲು ನನಗೆ ಗೊತ್ತು. ಒಳಗೆ ಹೋಗಿ ಹೇಳಬಹುದಿತ್ತು. ಬಾಗಿಲು ತೆರೆದೇ ಇತ್ತು. ಆದರೆ ಆಗಷ್ಟೇ ಹೊಗಳಿಸಿಕೊಂಡವನಿಗೆ ತಪ್ಪಾಯಿತೆನ್ನಲು ನಾಲಿಗೆ ಏಳಲಿಲ್ಲ. “ಮಷೀನ ಲೆಕ್ಕಾ ಹಾಕೇತಿ ಬಿಡವಾ, ಅದು ನಮಗಿಂತ ಶಾಣ್ಯಾ ಐತಿ” ಎಂದೆ.

ನಿಮ್ಮ ಜನ ಜಮಖಂಡಿಯನ್ನು ಬಿಟ್ಟು ಬೀಳಗಿ ಕಡೆ ಹುಡುಕಿದರು. ಹೊಳೆಪ್ಪ ಜಮಖಂಡಿಯಿಂದ ಬಿಸಿಲಲ್ಲಿ ನಡೆದು ತುಬಚಿ ಹತ್ತಿರ ಕಬ್ಬಿನ ಹೊಲದ ಬದುವಿನಲ್ಲಿ ಬಿದ್ದಿದ್ದ. ಸಿಕ್ಕಾಗ ಜೀವವಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇರಲಿಲ್ಲ.

ಮಣ್ಣಿಗೆ ಹೋದಾಗ ಸಾತವ್ವ ಕೇಳಿದಳು: “ನೀವ ಅದೀರಿ ಅಂತ ನಾ ಧೈರ್ಯಾ ತಗೊಂಡಿದ್ನಿರಿ. ಚಿತ್ರದಾಗ ಎಲ್ಲೂ ಕಾಣಲಿಲ್ಲೇನ್ರಿ ಅವರು?”

“ಇಲ್ಲವಾ” ಎಂದೆ. ಆಗ ನನ್ನ ತಲೆಯ ಮೇಲೆ ಯಾವ ಟೊಪ್ಪಿಗೆಯೂ ಇರಲಿಲ್ಲ. ಆ ಸುಳ್ಳು ಪೂರ್ತಿ ನನ್ನದೇ.

ನಿನ್ನೆ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. “ರೇಷ್ಮಾ ಹೇಳಿದಾಗರೆ ತಿರುಗಿ ಒಳಗ ಹೋಗಬೇಕಿಲ್ಲೇನ್ರಿ?” ಎಂದಷ್ಟೇ ಕೇಳಿ, ಒಲೆಯ ಕಡೆ ತಿರುಗಿ ಕೂತಳು.

ಅಧಿಕಾರಿಗಳೇ, ಇನ್ನು ಮುಂದೆ ಒಬ್ಬರೇ ‘ಹೌದು’ ಎಂದರೂ ಅಲ್ಲಿಗೆ ಜನ ಕಳಿಸಿ. ಗುಂಡಿ ಒತ್ತಿದ ಮೇಲಾದರೂ ಮನುಷ್ಯರನ್ನು ಮಾತಾಡಲು ಬಿಡಿ. ಮತ್ತು ಆ ವರದಿಯನ್ನು ತಿದ್ದಿ: ‘ಗುಂಪು’ ಎಂಬಲ್ಲಿ ನನ್ನ ಹೆಸರು ಬರೆದು, ಅದರ ಪ್ರತಿಯನ್ನು ಸಾತವ್ವನಿಗೆ ನಿಮ್ಮ ಕೈಯಾರೆ ಕೊಡಿ.

ಇಂತಿ,
ಇನ್ನು ಆ ಓಣಿಯಲ್ಲಿ ತಲೆ ಎತ್ತಿ ನಡೆಯಲಾರದ,
ಜಕ್ಕಪ್ಪ, ಮುಧೋಳ