ಬಂಡೆಯ ಒರಳು ಯಾರದೆಂದು ಕೇಳಿದ್ದೆಯಲ್ಲ

ಅವ್ವಾ,

ಆವತ್ತು ಲಾಸ್ ಏಂಜಲೀಸಿನಿಂದ ಮೂರು ಗಂಟೆ ಕಾರಿನಲ್ಲಿ ಕೂತು, ಮರುಭೂಮಿಯ ಆ ನ್ಯಾಷನಲ್ ಪಾರ್ಕಿನಲ್ಲಿ ಇಳಿದೆಯಲ್ಲ, "ಇಷ್ಟು ದೊಡ್ಡ ಬಯಲು, ಒಂದು ಗುಡ್ಲೂ ಇಲ್ವಲ್ಲೇ?" ಎಂದೆ. "ಇಲ್ಲಿ ಯಾರೂ ಇರ್ಲಿಲ್ಲ ಕಣವ್ವ, ಬರೀ ಕಲ್ಲು" ಎಂದೆ ನಾನು. ಬೋರ್ಡಿನಲ್ಲಿ ಗಣಿ ತೋಡಿದ, ದನ ಮೇಯಿಸಿದ ಬಿಳಿಯರ ಹೆಸರಷ್ಟೇ ಇದ್ದವು, ಅವರಿಗೂ ಮುಂಚೆ ಬರೀ ಬಯಲು ಎಂಬಂತೆ. ಅದನ್ನೇ ಗಿಣಿಯಂತೆ ಒಪ್ಪಿಸಿದೆ.

ನೀನು ಬೋರ್ಡು ಓದುವವಳಲ್ಲ. ಬಂಡೆಯ ಮೇಲೆ ಅಕ್ಕಪಕ್ಕ ಎರಡು ಕುಳಿ ಕಂಡವಳೇ ಕುಕ್ಕರಗಾಲಲ್ಲಿ ಕೂತೆ. ಮಳೆ ಕೊರೆದದ್ದಿರಬೇಕು ಎಂದೆ ನಾನು. "ಓದೀ ಓದೀ ಕಣ್ಣು ಹೋಯ್ತಾ ನಿಂಗೆ? ಒರಳು ಕಣೇ ಇದು! ಇಬ್ರು ಹೆಂಗಸ್ರು ಮಾತಾಡ್ಕೊಂಡು ಕುಟ್ಟವ್ರೆ. ಏನು ಕುಟ್ತಿದ್ರೋ... ಎಲ್ಲಿಗೋದ್ರೇ ಅವ್ರೆಲ್ಲ?" ಎನ್ನುತ್ತ ಕುಳಿಯೊಳಗೆ ಕೈಯಿಡಲು ಹೋದೆ.

"ಮುಟ್ಬೇಡ!"

ಪಾರ್ಕಿನ ನಿಯಮದ ಭಯ ನನಗೆ. ಆದರೆ ಯಾವ ಬಾಯಿ ಅದು? ಮುಟ್ಟುವ ಹಕ್ಕಿಗಾಗಿ ಬೀದಿಯಲ್ಲಿ ಘೋಷಣೆ ಕೂಗಿ ಹರಿದುಹೋದ ನನ್ನದೇ ಗಂಟಲು! ಊರ ಬಾವಿಯ ಹಗ್ಗದಿಂದ ಎಳೆದುಕೊಳ್ಳುತ್ತಿದ್ದ ಹಾಗೇ ನೀನು ಕೈ ಎಳೆದುಕೊಂಡೆ. ಎದ್ದು ಕಾರಿನ ಕಡೆ ನಡೆದೆ. ಆಮೇಲೆ ಊರಿಗೆ ಮರಳಿದೆ. ಮರುವರ್ಷ ಮಣ್ಣಾದೆ. ತಪ್ಪಾಯಿತು ಎನ್ನುವುದಕ್ಕೆ ನನಗೆ...

ಹೋದ ತಿಂಗಳು ನಾರ್ತ್‌ರಿಜ್‌ನ ಕಾಲೇಜಿನಲ್ಲಿ ಆ ಮರುಭೂಮಿಯ ಮೂಲನಿವಾಸಿ ಅಜ್ಜಿಯೊಬ್ಬರು ಮಾತಾಡಿದರು. ಅಲ್ಲಿ ನೀರಿತ್ತಂತೆ ಅವ್ವಾ, ಅವರ ಹೊಲವಿತ್ತಂತೆ, ಹೂಳಿದ ಹಿರಿಯರಿದ್ದರಂತೆ. ಮೊದಲು ಜನರನ್ನು ಎಬ್ಬಿಸಿದರು, ಆಮೇಲೆ ನೆಲ ಖಾಲಿ ಎಂದರು. ನಮ್ಮ ಕೇರಿಗೆ ಹೊಸದೇ ಈ ಆಟ?

ಮುಗಿದ ಮೇಲೆ ಹತ್ತಿರ ಹೋಗಿ ನಿನ್ನ ಕತೆಯನ್ನೆಲ್ಲ ಹೇಳಿದೆ. ನಾನು 'ಮುಟ್ಬೇಡ' ಎಂದ ಆ ಮಾತನ್ನೂ ಮುಚ್ಚಿಡಲಿಲ್ಲ. ಅಜ್ಜಿ ನನ್ನ ಕೈ ಹಿಡಿದರು.

"ನಿಮ್ಮಮ್ಮನ ಕಣ್ಣು ಸುಳ್ಳಾಡಿಲ್ಲ. ಜಾಲಿಕಾಯಿ ಕುಟ್ತಿದ್ರು ನಮ್ಮ ಅಜ್ಜಿಯರು. ನಾವು ಎಲ್ಲಿಗೂ ಹೋಗಿಲ್ಲ ಅಂತ ಹೇಳು ಅವರಿಗೆ. ಪಾರ್ಕಿನ ಪಕ್ಕದಲ್ಲೇ ನನ್ನ ಮನೆ."

ಜಾಲಿ, ಅವ್ವಾ! ನಮ್ಮ ಕೆರೆ ಏರಿಯ ಬಳ್ಳಾರಿ ಜಾಲಿಯ ದಾಯಾದಿ. ಅಲ್ಲಿ ಆಡು ತಿನ್ನುತ್ತಿದ್ದಂಥ ಕಾಯಿಯೇ ಇಲ್ಲಿ ಹಿಟ್ಟಾಗುತ್ತಿತ್ತು. ಕೇಳಿದ್ದರೆ ನೀನು ಎಷ್ಟು ನಗುತ್ತಿದ್ದೆ!

ಕಾಯಿ ಬಲಿತಾಗ ಕುಟ್ಟಲು ಬಾ ಎಂದಿದ್ದಾರೆ. ಅವರ ಹಿತ್ತಲಲ್ಲೂ ಒರಳಿದೆಯಂತೆ. ಹೋಗುತ್ತೇನೆ. ಮುಟ್ಟಲೇ ಎಂದು ಕೇಳಿ, ಮುಟ್ಟುತ್ತೇನೆ, ನಿನ್ನ ಪಾಲಿಗೂ.

ಅವರು ಎಲ್ಲಿಗೂ ಹೋಗಿಲ್ಲವಂತೆ, ಅವ್ವಾ. ನೀನೇ...