ಅರವಟ್ಟಿಗೆಯ ಮುಂದೆ ಕ್ಯಾಮೆರಾ

ಶಿವಪುತ್ರ,

ಈ ಯುಗಾದಿಯ ಮರುದಿನ ನೀನು ನಮ್ಮ ಅರವಟ್ಟಿಗೆಯನ್ನು, ನನ್ನನ್ನು ಒಂದು ಮಾತೂ ಕೇಳದೆ, ಯಾವುದೋ ಟ್ರಸ್ಟಿಗೆ ಒಪ್ಪಿಸಿಬಿಟ್ಟೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಾವಿಬ್ಬರೂ ಎಷ್ಟೋ ಬೇಸಿಗೆ ದಾರಿಹೋಕರಿಗೆ ನೀರು ಹೊಯ್ದ ಜಾಗವದು. ಈ ಪತ್ರವನ್ನು ನಿನಗೆ ಕಳಿಸಲಾರೆನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ನಿನಗೂ ಗೊತ್ತಿರುವ ಗಾರೆ ಕೆಲಸದ ಶರಣವ್ವ ಬಿಸಿಲಿನಲ್ಲಿ ಬಂದು ಬೊಗಸೆ ಒಡ್ಡಿದಳು. ಟ್ರಸ್ಟಿನ ವೈಷ್ಣವಿ ಚೊಂಬನ್ನು ಹಾಗೇ ತಡೆದು ಮೊಬೈಲ್ ಎತ್ತಿದಳು.

“ಅಕ್ಕಾ, ಈ ಕಡೆ ನೋಡಿ, ಸ್ವಲ್ಪ ನಗಿ. ಡೋನರ್‌ಗೆ ಕಳಿಸ್ಬೇಕು.”

“ನಾ ನೀರ್ ಕೇಳೀನವ್ವಾ, ಮದುವಿ ಫೋಟೋ ಕೇಳಿಲ್ಲ.”

ಶರಣವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡು ಬಾಯಾರಿಕೊಂಡೇ ಹೊರಟುಹೋದಳು.

“ನೀರು ಹಾಕೋನು ಬೊಗಸೆ ನೋಡ್ಬೇಕು ಗುರು, ಮುಖ ನೋಡ್ಬಾರ್ದು” ಎಂದು ಮೊದಲ ದಿನ ನನಗೆ ಕಲಿಸಿದವನು ನೀನೇ. ಈಗ ಅಲ್ಲಿನ ಫ್ಲೆಕ್ಸಿನಲ್ಲಿ ಮಡಕೆಗಿಂತ ನಿನ್ನ ಮುಖವೇ ದೊಡ್ಡದು. ನೀನು ವಾರ್ಡ್ ಚುನಾವಣೆಗೆ ನಿಲ್ಲುವ ಮಾತು ನನ್ನ ಕಿವಿಗೂ ಬಿದ್ದಿದೆ. ಒಳ್ಳೆಯ ಕೆಲಸಕ್ಕೆ ಸಾಕ್ಷಿ ಬೇಕು ಎನ್ನುತ್ತೀಯಂತೆ. ಯಾರಿಗೆ ಬೇಕು? ನೀರು ಕುಡಿದವರ ಗಂಟಲು ಯಾವತ್ತೂ ಸಾಕ್ಷಿ ಕೇಳಲಿಲ್ಲ.

ನಮ್ಮ ಹಳೆಯ ಮಡಕೆ ನನ್ನ ಮನೆಯಲ್ಲಿದೆ. ದಿನವೂ ತೊಳೆದು ತುಂಬಿಸಿಡುತ್ತೇನೆ. ಅದನ್ನು ರಸ್ತೆಗೆ ಹೊತ್ತು ತರಲು ಇಬ್ಬರು ಬೇಕು.

ಭಾನುವಾರ ಸಂತೆಯ ಹೊತ್ತಿಗೆ ಆ ಫ್ಲೆಕ್ಸಿನ ಕೆಳಗೆ ನಿಂತು ಎಲ್ಲರೆದುರು ಹೇಳು: ಶರಣವ್ವ ಅವತ್ತು ಯಾಕೆ ನೀರು ಕುಡಿಯದೆ ಹೋದಳು?