ಸಾವ್ಕಾರರ ಇನ್‌ಬಾಕ್ಸ್

೫ ಅಕ್ಟೋಬರ್ ೨೦೧೧, ಕುಷ್ಟಗಿ

ಬ್ಯಾಕಪ್ ಮುಗಿಯಿತು. ಆಮೇಲೆ ಆಯುಧ ಪೂಜೆ. ಬೀಜ ತೂಗುವ ಮಷಿನ್, ಜೀಪು, ಕೊನೆಗೆ ಮೇಲ್ ಸರ್ವರ್ — ಎಲ್ಲಕ್ಕೂ ವಿಭೂತಿ, ಚೆಂಡುಹೂ. ನಮ್ಮ ಬೀಜದ ಕಂಪನಿಯ ಮಾಲೀಕರಾದ ರುದ್ರೇಶ ಸಾವ್ಕಾರರು ಸರ್ವರ್ ಮುಂದೆಯೇ ಕಾಯಿ ಒಡೆಯಲು ಹೋದರು. ಅದನ್ನು ನೋಡಿಕೊಳ್ಳುವ ಅಂದಪ್ಪ ಸರ್ ಅಡ್ಡ ನಿಂತರು.

"ನೀರು ಸಿಡದ್ರ ಕೆಡತೈತ್ರಿ. ಹೊರಗ ಒಡೀರಿ."

ಸಾವ್ಕಾರರ ಮುಖ ಕಪ್ಪಿಟ್ಟಿತು. ಸರ್‌ಗೆ ಬೈಗುಳ ಬೀಳುತ್ತದೆಂದು ನನಗೆ ಖುಷಿ! ಮೂರು ವರ್ಷದಿಂದ ಸರ್ ನನಗೆ ಕೆಲಸ ಕಲಿಸುತ್ತಿದ್ದಾರೆ, ಇನ್ನೂ ನನ್ನ ಬೆನ್ನ ಹಿಂದೆ ನಿಂತು ಒಂದೊಂದು ಅಕ್ಷರ ನೋಡುತ್ತಾರೆ. "ಸಾವಕಾಶ, ತಂಗಿ." ತಂಗಿಯಂತೆ.

ಅವರು ಪ್ರಸಾದಕ್ಕೆ ಹೋದಾಗ ಸರ್ವರ್ ಒಳಗೂ ಸ್ವಚ್ಛ ಮಾಡಿದೆ. ಫೈಲುಗಳು ಒಂದೊಂದು ಒಬ್ಬೊಬ್ಬರ ಹೆಸರಲ್ಲಿದ್ದವು. ಒಂದೇ ಕಮಾಂಡ್, ಎಲ್ಲ ರೂಟ್, ಅಂದರೆ ಸರ್ವರಿನ ಯಜಮಾನ ಖಾತೆಯ ಹೆಸರಿಗೆ. ಚೊಕ್ಕ.

೭ ಅಕ್ಟೋಬರ್, ಬೆಳಿಗ್ಗೆ ೧೧

ದಸರಾ ರಜೆ ಮುಗಿಸಿ ಬಂದರೆ ಯಾರಿಗೂ ಲಾಗಿನ್ ಆಗುತ್ತಿಲ್ಲ. ಸರಿಯಾದ ಪಾಸ್‌ವರ್ಡನ್ನೂ ತಪ್ಪು ಅನ್ನುತ್ತಿದೆ. ಬೆಂಡೆ ಬೀಜದ ಆರ್ಡರ್ ಒಳಗೇ ಸಿಕ್ಕಿಕೊಂಡಿದೆ.

ಸರ್ವರ್ ತನ್ನ ಕೆಲಸ ಬರೆದಿಡುವ ಲಾಗ್ ನೋಡಿದೆ — ಪರ್ಮಿಷನ್ ಡಿನೈಡ್. ಪಾಸ್‌ವರ್ಡ್ ಫೈಲ್ ರೂಟ್ ಹೆಸರಿಗೆ ಹೋಗಿದೆ, ಓದಲು ಮೇಲ್ ಸರ್ವಿಸ್‌ಗೇ ಅನುಮತಿ ಇಲ್ಲ. ನನ್ನದೇ ಕೆಲಸ. ಸರಿ ಮಾಡಲು ಒಂದು ಸಾಲು ಸಾಕಿತ್ತು… ಅಷ್ಟರಲ್ಲಿ ಸಾವ್ಕಾರರು ಬಂದರು.

"ಪೂಜಿಗೆ ಅಡ್ಡ ನಿಂತಿ, ಈಗ ಮಷಿನ್ನ ನಿಂತೈತಿ. ಏನ್ ಮಾಡಿಟ್ಟೀ ಅಂದಪ್ಪಾ?"

"ನಾ ಮುಟ್ಟಿಲ್ರಿ. ಲಾಗ್ ನೋಡಿ—"

"ನೀ ಏನೂ ನೋಡಬ್ಯಾಡ. ಶಿವಲೀಲಾ, ನೀ ಹೇಳ."

"ರೂಟ್ ಪಾಸ್‌ವರ್ಡ್ ಸರ್ ಒಬ್ಬರ ಹತ್ರ ಐತ್ರಿ" ಅಂದೆ.

ಅಂದಪ್ಪ ಸರ್ ನನ್ನ ಮುಖ ನೋಡಿದರು. ಹೋದ ವರ್ಷ ಅದನ್ನು ನನಗೆ ಹೇಳಿಕೊಟ್ಟವರೇ ಅವರು. ಸರ್ವರ್ ಕೋಣೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

ಸಂಜೆ ೫

ಹದಿನಾರು ವರ್ಷದ ನೌಕರಿಯಿಂದ ಅಂದಪ್ಪ ಸರ್‌ರನ್ನು ತೆಗೆದರು. ಎರಡಕ್ಕೆ ಊಟದ ಡಬ್ಬಿ ಹಿಡಿದು ಸರ್ ಗೇಟು ದಾಟಿದರು. ವಯಸ್ಸು ಐವತ್ತೊಂದು. ಮೂರಕ್ಕೆ ನನ್ನ ಕಮಾಂಡಿನ ಗುರುತು ಅಳಿಸಿದೆ. ನಾಲ್ಕಕ್ಕೆ ಸರಿ ಮಾಡಿದೆ — ಬೇಗ ಮಾಡಿದ್ದರೆ ಸಂಶಯ ಬರುತ್ತಿತ್ತು. "ಶಭಾಶ್!" ಅಂದರು ಸಾವ್ಕಾರರು.

ಸಾವ್ಕಾರರು ಮೇಲ್ ತಾವು ತೆರೆಯುವುದಿಲ್ಲ, ನಾವೇ ಪ್ರಿಂಟ್ ತೆಗೆದು ಕೊಡಬೇಕು. ಅವರ ಇನ್‌ಬಾಕ್ಸ್ ತೆರೆದೆ. ಮೊದಲನೆಯದೇ ಅಂದಪ್ಪ ಸರ್‌ದು. ಸೈಬರ್ ಕೆಫೆಯಿಂದ, ತಮ್ಮ ಸ್ವಂತ ಐಡಿಯಲ್ಲಿ ೨.೪೦ಕ್ಕೆ ಕಳಿಸಿದ್ದು.

"ಸಾವ್ಕಾರರಿಗೆ ನಮಸ್ಕಾರ. ತಂಗಿ, ಇದನ್ನು ಮೊದಲು ಓದುವವಳು ನೀನೇ. ಫೈಲುಗಳು ಬೇರೆಯವರ ಹೆಸರಿಗೆ ಹೋಗಿರಬೇಕು, ಸರಿಮಾಡುವ ಸಾಲು ಕೆಳಗಿದೆ. ಯಾರು ಮಾಡಿದ್ದೆಂದು ನಾನು ಹೇಳುವುದಿಲ್ಲ. ನೀನೇ ಹೇಳು."

ಉಳಿದವನ್ನೆಲ್ಲ ಪ್ರಿಂಟ್ ತೆಗೆದೆ.

೧೮ ಅಕ್ಟೋಬರ್

ಅವರ ಕುರ್ಚಿ ಈಗ ನನ್ನದು. ಯಲಬುರ್ಗಾದ ಬೀಜದ ಕಂಪನಿಯಿಂದ ಫೋನ್. ಅಂದಪ್ಪ ಅಲ್ಲಿ ಕೆಲಸ ಕೇಳಿದ್ದಾರಂತೆ. ಸಾವ್ಕಾರರು ರಿಸೀವರ್ ನನ್ನ ಕೈಗೆ ಕೊಟ್ಟರು. "ಹೆಂಥಾ ಮನಷ್ಯಾ ಅಂತ ನೀನ ಹೇಳ."

"ಕೆಲಸ ಛಲೋ ಗೊತ್ತೈತ್ರಿ. ನಂಬಿಕಿ ವಿಷಯಕ್ಕ ಮಾತ್ರ…"

ಅಷ್ಟಕ್ಕೇ ನಿಲ್ಲಿಸಿದೆ. ಆ ಕಡೆಯವರು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು.

ನಾಚಿಕೆಯಾಯಿತು. ಅದಕ್ಕೇ ಅಂದಪ್ಪ ಸರ್ ಮೇಲೆ ಇನ್ನಷ್ಟು ಸಿಟ್ಟು. ಹನ್ನೊಂದು ದಿನ ಇಟ್ಟುಕೊಂಡಿದ್ದ ಆ ಮೇಲ್ ತೆಗೆದು ಡಿಲೀಟ್ ಮೇಲೆ ಬೆರಳಿಟ್ಟೆ. ರೂಮಿನಲ್ಲಿ ಯಾರೂ ಇರಲಿಲ್ಲ. ಆದರೂ ಒತ್ತುವ ಮುಂಚೆ ಬೆನ್ನ ಹಿಂದೆ ತಿರುಗಿ ನೋಡಿದೆ, ಸರ್ ನಿಂತಿದ್ದಾರೇನೋ ಅಂತ.